ಮೂರನೇ ಊರಿಗೆ ನಾನೊಬ್ಬಳೇ

ತಮ್ಮಾ,

ಏಳರ ಬಸ್ಸಿಗೆ ಹೊರಟಿದ್ದೇನೆ. ಆ ಗುಡ್ಡದ ಮೇಲಿನ ಊರಿನ ಮನೆ ನೋಡಿ, ಸೋರದಿದ್ದರೆ ಒಪ್ಪಿಕೊಂಡೇ ಬರುತ್ತೇನೆ. ನಿನ್ನನ್ನು ಕೇಳುವುದಿಲ್ಲ. ಕೇಳಿ ಕೇಳಿ ನನಗೆ ಸಾಕಾಗಿದೆ.

ಅಡುಗೆ ಮುಚ್ಚಿಟ್ಟಿದ್ದೇನೆ. ಬಾಗಿಲ ಹತ್ತಿರ ಎರಡು ಬಾಟಲಿ ನೀರಿದೆ. ಎರಡೂ ಖಾಲಿಯಾಗಬೇಕು. ಗಿಡಕ್ಕೆ ಸುರಿದರೆ ನನಗೆ ಗೊತ್ತಾಗುತ್ತದೆ.

ಹನ್ನೊಂದಾದ ಮೇಲೆ ತಗಡಿನ ಛಾವಣಿ ಹತ್ತಬೇಡ, ಮನೆಗೆ ಬಾ. ನಿನ್ನ ಮೇಸ್ತ್ರಿಗೆ ನಾನೇ ಫೋನ್ ಮಾಡಿ ಹೇಳಿದ್ದೇನೆ. ನಾಚಿಕೆಯಾದರೆ ಆಗಲಿ.

ಬೇಸಿಗೆಯಲ್ಲಿ ತಂಪಾಗಿರುವ ಊರಿಗೆ ಹೋಗೋಣ ಎಂದಾಗ ತಲೆಯಾಡಿಸಿದವನು ನೀನೇ ತಾನೇ? ಮೊದಲನೇ ಊರಲ್ಲಿ ನಿನಗೆ ಗಾಳಿ ಜಾಸ್ತಿಯಾಯಿತು. ಎರಡನೆಯದರಲ್ಲಿ, ಮನೆ ತೋರಿಸುತ್ತಿದ್ದ ಹೆಂಗಸಿನ ಎದುರಿಗೇ, "ಆರಕ್ಕೇ ಅಂಗಡಿ ಮುಚ್ತಾರಂತೆ, ಮನುಷ್ಯರು ಇರೋ ಊರಾ ಇದು?" ಎಂದು ನೀನು ಮೂಗು ಮುರಿದೆ. ಪಾಪ, ಅವಳ ಮುಖ ಸಣ್ಣದಾಯಿತು. ದಿನವಿಡೀ ಕಾದ ತಗಡಿನ ಮೇಲೆ ಬೇಯುವವನಿಗೆ ಎಷ್ಟೊಂದು ನಖರಾ! ಕೆಲಸ ಸಿಗುವುದಿಲ್ಲ ಎಂದು ಮಾತ್ರ ಹೇಳಬೇಡ. ಅಲ್ಲಿಯ ಮನೆಗಳಿಗೂ ಛಾವಣಿ ಇದೆ.

ಹೋದ ಬೇಸಿಗೆಯಲ್ಲಿ ನೀನು ಬಿಸಿಲ ಹೊಡೆತಕ್ಕೆ ಅಡುಗೆಮನೆಯಲ್ಲಿ ಬಿದ್ದ ದಿನ ಡಾಕ್ಟರು ಮೊದಲು ಕೇಳಿದ್ದು, "ಎಷ್ಟು ಹೊತ್ತಿಂದ ಹೀಗೆ ಬಿದ್ದಿದ್ರು?" ಎಂದು. ನನಗೆ ಗೊತ್ತಿರಲಿಲ್ಲ ಕಣೋ. ಪಕ್ಕದ ಕೋಣೆಯಲ್ಲೇ ಕೂತು ಹೊಲಿಗೆ ಯಂತ್ರ ತುಳಿಯುತ್ತಿದ್ದೆ. ನೀನು ಬಿದ್ದ ಸದ್ದು ಕೇಳಿಸಲಿಲ್ಲ. ಇದನ್ನು ನಿನಗೆ ಇವತ್ತಿನವರೆಗೆ ಹೇಳಿರಲಿಲ್ಲ.

ಮೂರೂವರೆಗೆ ವಾಪಸು ಬರುತ್ತೇನೆ. ಕರೆದುಕೊಂಡು ಹೋಗುತ್ತೇನೆಂದು ನಿಲ್ದಾಣಕ್ಕೆ ಬಂದು ನಿಲ್ಲಬೇಡ. ಆಗಿನ್ನೂ ಬಿಸಿಲಿರುತ್ತದೆ.

ಅಕ್ಕ