ಬಾಗಿಲ ಮುಂದೆ ಒಂಬತ್ತು ಕಂತು

ಜೂನ್ 3, ಸೋಮವಾರ. ಬೆಳಿಗ್ಗೆ 7

ಹೆಂಡತಿಯ ಕಾದಂಬರಿಯ ಹದಿನೇಳನೇ ಕಂತು ಕಥೆ ಓದುವ ಆ್ಯಪ್‌ಗೆ ಹಾಕಿದೆ. ನಲವತ್ತೆರಡು ಜನ ಓದಿದರು. ಇವಳು ಇದ್ದಿದ್ದರೆ ನಂಬುತ್ತಿರಲಿಲ್ಲ. ಸಾಯುವ ತನಕ ಆರು ನೋಟ್‌ಬುಕ್ಕಿನಲ್ಲಿ ಒಂದೇ ಕಾದಂಬರಿ ಬರೆದಳು. ಎಲ್ಲೂ ಅಧ್ಯಾಯ ಒಡೆಯಲಿಲ್ಲ — ಜಗಳಕ್ಕೆ ನಿಂತರೂ ಹಾಗೇ, ನಡುವೆ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಈಗ ಒಡೆಯುವ ಕೆಲಸ ನನ್ನದು. ಮಗಳು ಫೋನಿನಲ್ಲಿ ಪಾಠ ಹೇಳುತ್ತಾಳೆ: "ಸಾವಿರ ಪದಕ್ಕೊಂದು ಕಂತು ಮಾಡಪ್ಪ. ಕೊನೇಲಿ ಏನೋ ಆಗೋ ಹಾಗಿರ್ಬೇಕು. ಆದ್ರೆ ಆಗ್ಬಾರ್ದು."

ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ನಾಟಕಕ್ಕೆ ಮೂರು ಯೂನಿಟಿ, ಅಂದರೆ ಐಕ್ಯ, ಇರಬೇಕು ಎಂದಿದ್ದರು. ಟೈಮ್, ಪ್ಲೇಸ್... ಮೂರನೆಯದು ಮರೆತಿದೆ.

ನನ್ನದೊಂದು ನಿಯಮ. ಮುಂದಿನ ಪುಟ ನೋಡುವುದಿಲ್ಲ. ಟೈಪ್ ಮಾಡುವಾಗಲೇ ಓದುವುದು. ದಿನಕ್ಕೊಮ್ಮೆಯಾದರೂ ಇವಳು ಹೊಸದೇನಾದರೂ ಹೇಳಲಿ.

ಜೂನ್ 9, ಭಾನುವಾರ

ಆರನೇ ನೋಟ್‌ಬುಕ್ ತೆಗೆದೆ. ಹಿಂದಿನಿಂದ ಬೆರಳಾಡಿಸಿದರೆ ಖಾಲಿ, ಖಾಲಿ, ಖಾಲಿ. ಬರೆದದ್ದು ಹತ್ತು ಪುಟವಿದ್ದರೆ ಹೆಚ್ಚು.

ನಾಳೆಯಿಂದ ಕಂತಿಗೆ ಇನ್ನೂರು ಪದ ಸಾಕು.

ಜೂನ್ 19, ಬುಧವಾರ

ಈಗ ಮೂವತ್ತು ಪದ. ಕಥಾನಾಯಕಿ ಎಷ್ಟೋ ವರ್ಷದ ಮೇಲೆ ಗಂಡನ ಮನೆಗೆ ವಾಪಸು ಬಂದಿದ್ದಾಳೆ. ಸೋಮವಾರ ಬಾಗಿಲು ತಟ್ಟಿದಳು. ನಿನ್ನೆ ಕಾದಳು. ಇವತ್ತು ಕೂದಲು ಸರಿ ಮಾಡಿಕೊಂಡಳು. ಓದುವವರು ಆರೇ ಜನ. ಒಬ್ಬ ಬರೆದ: "ಅಂಕಲ್, ಆ ಮನೇಲಿ ಯಾರಿಗೂ ಕಿವಿ ಕೇಳ್ಸಲ್ವಾ?" ನಕ್ಕೆ. ಮಗಳು ನಗಲಿಲ್ಲ.

"ಅದು ಅಮ್ಮನ ಕಾದಂಬರಿ ಅಪ್ಪ. ಚೂಯಿಂಗ್ ಗಮ್ ಅಲ್ಲ."

ಮುಗಿದರೆ ಮುಗಿಯಿತಲ್ಲ ಮಗಳೇ... ಹೇಳಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದೆ.

ಜೂನ್ 25, ಮಂಗಳವಾರ. 11 ಗಂಟೆ

ಓದುವವರು ಒಬ್ಬರೇ ಉಳಿದಿದ್ದಾರೆ. ರಿಟೈರ್ಡ್ ನರ್ಸ್, ಮೊದಲ ಕಂತಿನಿಂದ ಬಂದವರು. ಇವತ್ತು ಬರೆದಿದ್ದಾರೆ: "ಸಾರ್, ಆಸ್ಪತ್ರೇಲಿದೀನಿ. ನಾಳೆ ಬೆಳಿಗ್ಗೆ ಹಾರ್ಟ್ ಆಪರೇಷನ್. ಏಳ್ತೀನೋ ಇಲ್ವೋ. ಬಾಗಿಲು ತೆಗೆದೋರು ಏನಂದ್ರು ಅಂತ ಇವತ್ತೇ ಹೇಳ್ಬಿಡಿ. ಒಂಬತ್ತು ದಿನದಿಂದ ನಾನೂ ಅಲ್ಲೇ ನಿಂತಿದೀನಿ, ಕಾಲು ನೋಯ್ತಿದೆ."

12 ಗಂಟೆ

ನಿಯಮ ಮುರಿದು ಹಾಳೆ ತಿರುವಿದೆ. ಮೂರೇ ಸಾಲು. ಗಂಡ ಬಾಗಿಲು ತೆಗೆಯುತ್ತಾನೆ. ಅವಳ ಕೈಯಲ್ಲಿ ಒಂದು ಕಟ್ಟು ಕಾಗದ, ತಾನೇ ಬರೆದದ್ದು. ಅದನ್ನು ನೋಡಿ ಅವನು ಕೇಳಿದ —

ಅಷ್ಟೇ. ಮುಂದೆ ಬಿಳಿ. ಪೆನ್ನು ಊರಿ ಇವಳು ಯೋಚಿಸಿದ ಕಡೆ ಒಂದು ಚುಕ್ಕೆ, ಕೆಳಗಿನ ಹಾಳೆಗೂ ಇಳಿದಿದೆ.

ಇದನ್ನೇ ನಾನು ಎಳೆದೂ ಎಳೆದೂ ಇಟ್ಟುಕೊಂಡಿದ್ದು.

4 ಗಂಟೆ

"ನೀನೇ ಬರ್ದು ಹಾಕಪ್ಪ," ಎಂದಳು ಮಗಳು. "ಒಂದು ಪ್ರಶ್ನೆ ತಾನೇ?"

ಒಂದು ಪ್ರಶ್ನೆ. ಮೂವತ್ತೊಂದು ವರ್ಷ ಈ ಮೇಜಿನ ಆ ತುದಿಯಲ್ಲಿ ಇವಳು ಬರೆದಳು. ಈ ತುದಿಯಲ್ಲಿ ನಾನು ಪೇಪರ್ ಓದಿದೆ. ಏನು ಬರೀತಿದ್ದೀ ಎಂದು ಕೇಳಲಿಲ್ಲ. ಟೀ ಆಯ್ತಾ ಎಂದು ಕೇಳಿದೆ.

ಮೇಷ್ಟ್ರ ಮೂರನೇ ಯೂನಿಟಿ ನೆನಪಾಯಿತು. ಆ್ಯಕ್ಷನ್.

5.20

ನರ್ಸಮ್ಮನ ಹೆಸರಿನ ಪಕ್ಕ ಹಸಿರು ಚುಕ್ಕೆ. ಆನ್‌ಲೈನ್ ಇದ್ದಾರೆ, ಕಾಯುತ್ತಿದ್ದಾರೆ. ಟೈಪ್ ಮಾಡಿದೆ: ಅವನು ಕೇಳಿದ, "ಟೀ..." ಥೂ. ಅಳಿಸಿದೆ. ಅವನು ಕೇಳಿದ, "ಇಷ್ಟು ವರ್ಷ ನೀನು..." ಅದೂ ಅಲ್ಲ. ಇವಳಿಗೆ ಬೇಕಿದ್ದದ್ದು ಯಾವುದು? ನನಗೆ ಹೇಗೆ ಗೊತ್ತು.

5.45

ಹಸಿರು ಚುಕ್ಕೆ ಆರಿತು. ಆಸ್ಪತ್ರೆಯವರು ಫೋನ್ ತೆಗೆದಿಟ್ಟಿರಬೇಕು. ಮತ್ತೆ ಬಂದರೆ... ಬಂದ ತಕ್ಷಣ ಕಾಣುವ ಹಾಗೆ ಆ ಪ್ರಶ್ನೆ ಹಾಕಿಡುತ್ತೇನೆ. ಮತ್ತೆ ಟೈಪ್ ಮಾಡುತ್ತಿದ್ದೇನೆ: ಅವನು ಕೇಳಿದ,