ಬೇಲಿಯಾಚೆಯ ಬೈಗುಳ

ಅಪ್ಪಾ,

ಸ್ಮಶಾನಕ್ಕೆ ಅಂಚೆ ಹೋಗುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇವತ್ತು ನನಗೂ ಕತ್ತೆ ಎಂಬ ಬಿರುದು ಸಿಕ್ಕಿತು. ಬ್ರೆಜಿಲ್‌ನಲ್ಲಿ ಫುಟ್‌ಬಾಲ್ ಕೋಚ್ ಆದವನಿಗೆ ಅದು ತಪ್ಪಿದ್ದಲ್ಲ, ಬಿಡು. ನಮ್ಮೂರ ಕ್ಲಬ್ಬು ಒಂದು ಗೋಲು ಹಿಂದಿತ್ತು. ಮಿಡ್‌ಫೀಲ್ಡ್‌ನಲ್ಲಿ ಆಡುತ್ತಿದ್ದ ಒಸ್ಮಾರ್‌ನನ್ನು ಹೊರಗೆ ಕರೆದೆ. ಒಂದು ಕಾಲಕ್ಕೆ ನಾನು ಆಡುತ್ತಿದ್ದ ಜಾಗ, ಅದೇ ಎಂಟನೇ ನಂಬರಿನ ಅಂಗಿ. ಕರೆದದ್ದೇ ತಡ, ಇಡೀ ಗ್ಯಾಲರಿ "ಕತ್ತೆ! ಕತ್ತೆ!" ಎಂದು ಕೂಗತೊಡಗಿತು.

ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ತಂತಿ ಬೇಲಿ ಹಿಡಿದು ನಿಂತಿದ್ದ ಒಬ್ಬ ಮುದುಕ. ನಿನ್ನ ಹಾಗೆಯೇ ಕಿವಿಗೆ ರೇಡಿಯೊ ಒತ್ತಿಕೊಂಡಿದ್ದ.

"ಲೋ ಕತ್ತೆ! ಆ ಹುಡುಗನ್ನ ತೆಗೆದು ಇನ್ಯಾರನ್ನ ಆಡಿಸ್ತೀಯೋ? ನಿಮ್ಮಜ್ಜೀನಾ?"

ನನಗೆ ನಗು ಬಂತು. ನೀನೂ ನನ್ನ ಕೋಚ್‌ಗಳ ಅಜ್ಜಿಯರನ್ನು ಬಿಟ್ಟವನಲ್ಲ.

ಸೋತೆವು. ಬಟ್ಟೆ ಬದಲಿಸುವ ಕೋಣೆಯಲ್ಲಿ ಒಸ್ಮಾರ್ ತಲೆ ತಗ್ಗಿಸಿಕೊಂಡು ಬಂದ.

"ಮೇಷ್ಟ್ರೇ, ಬೇಲಿ ಹತ್ರ ಕೂಗ್ತಿದ್ದೋರು ನಮ್ಮಪ್ಪ. ಮರ್ಯಾದೆ ಹೋಯ್ತು ನಂಗೆ. ಇನ್ಮೇಲೆ ಗ್ರೌಂಡಿಗೆ ಬರಬೇಡಿ ಅಂತ ಇವತ್ತೇ ಹೇಳ್ಬಿಡ್ತೀನಿ."

"ಹೇಳ್ಬೇಡ ಕಣೋ."

"ಯಾಕೆ ಮೇಷ್ಟ್ರೇ? ಬೈದಿದ್ದು ನಿಮ್ಮನ್ನೇ ಅಲ್ವಾ?"

"ಬೈಲಿ ಬಿಡು," ಎಂದು ಬೂಟಿನ ಮಣ್ಣು ಕೆರೆಯುತ್ತ ಕೂತೆ.

ಹೊರಗೆ ಬಂದಾಗ ಆ ಮುದುಕ ಮಗನ ಚೀಲವನ್ನು ಹೆಗಲಿಗೇರಿಸಿಕೊಂಡು, ಹುರಿದ ಶೇಂಗಾದ ಪೊಟ್ಟಣವನ್ನು ಅವನ ಕೈಗಿಡುತ್ತಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ.

ಗ್ರೌಂಡಿಗೆ ಬರಬೇಡ ಎಂದು ನಾನೇ ಹೇಳಿ, ನೀನು ಬರುವುದನ್ನು ಬಿಟ್ಟ ಮೇಲೆಯೂ ನಾನು ಎರಡು ವರ್ಷ ಆಡಿದೆ, ಅಪ್ಪಾ. ಎಷ್ಟೋ ಸಲ ನನ್ನನ್ನು ಹೊರಗೆ ಕರೆದರು. ಪ್ರತಿ ಸಲವೂ ಬೇಲಿಯ ಕಡೆ ನೋಡುತ್ತಲೇ ಬರುತ್ತಿದ್ದೆ. ಒಬ್ಬರೂ ಕೋಚ್‌ಗೆ ಕತ್ತೆ ಎನ್ನಲಿಲ್ಲ.