ಎಡಕ್ಕೆ ಉರುಳಿದ ಕಾಯಿ

ಹೊನ್ನವಳ್ಳಿ, ಭಾನುವಾರ

ಪ್ರೀತಿಯ ಅಕ್ಕಾ,

ಫೋನಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಈ ಕಾರ್ಡು. ನನ್ನ ಅರೆಗುರುಡು ಕಣ್ಣಿಗೆ ಕಾಣುವಂತೆ ದಪ್ಪಕ್ಷರ ಬರೆಯಬೇಕು, ಜಾಗ ಸಾಲದು. ಕಣ್ಣಿಗೆ ಔಷಧಿ ತಪ್ಪದೆ ಬಿಟ್ಟುಕೊಳ್ಳುತ್ತಿದ್ದೇನೆ.

ನನ್ನ ಜೊತೆ ಭಾರತದ ಅಂಧರ ಒನ್‌ಡೇ ಕ್ರಿಕೆಟ್ ತಂಡಕ್ಕೆ ಆಡಿದ ಬಸವಕುಮಾರನನ್ನು ಕಂಡೆ. ಕ್ಯಾಂಪಿಗೆ ಕರೆದರೂ ಬಾರದ್ದಕ್ಕೆ ಸೊಕ್ಕು ಎಂದು ಬೈದೆವಲ್ಲ, ಅವನೇ. ತೆಂಗಿನಕಾಯಿ ತುಂಬಿದ ಅಟ್ಟದಲ್ಲಿ ಕೂತು ಒಂದೊಂದೇ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ. ವರ್ಷ ಒಣಗಿದರೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಅನ್ನುತ್ತದಂತೆ. ಒಳಗೆ ಉಕ್ಕಿನ ಗುಂಡು ತುಂಬಿದ ನಮ್ಮ ಆಟದ ಚೆಂಡಿನದೇ ಸದ್ದು ಕಣೇ!

“ತಂಡಕ್ಕೆ ನೀನು ಬೇಕು, ನಡಿಯೋ,” ಎಂದೆ.

“ಎಡಗಿವಿ ಹೋಯ್ತು ಕಣ್ಲಾ. ಚೆಂಡು ಯಾವ ಕಡೆಯಿಂದ ಬತ್ತದೆ ಅಂತ್ಲೇ ಗೊತ್ತಾಗಲ್ಲ. ಕಾಯಾದ್ರೆ ಇರೋ ಕಿವಿಗೇ ಹಿಡ್ಕಬೋದು. ಬುಡು.”

ನಾನು ಬಿಡಬೇಕಿತ್ತು, ಬಿಡಲಿಲ್ಲ. ಅಂಗಳಕ್ಕೆ ಇಳಿಸಿ ನಿಲ್ಲಿಸಿದೆ. ಆಟದಲ್ಲಿ ಚೆಂಡು ಹಾಕುವ ಮುಂಚೆ ಕೂಗುವಂತೆ “ರೆಡಿನಾ?” ಎಂದೆ. “ಯೆಸ್!” ಎಂದು ಹಳೆಯ ಗತ್ತಿನಲ್ಲೇ ಮಂಡಿಯೂರಿದ. “ಪ್ಲೇ” ಎಂದು ಒಣಗಾಯಿಯೊಂದನ್ನು ಅವನ ಎಡಕ್ಕೆ ಉರುಳಿಸಿದೆ. ಅವನು ಎರಡೂ ಕೈ ಚಾಚಿ ಬಲಕ್ಕೆ ಬಿದ್ದ. ಕಾಯಿ ಲೊಡಲೊಡ ಅನ್ನುತ್ತಾ ಹೋಗಿ ಗೋಡೆಗೆ ತಗುಲಿತು.

ಮಣ್ಣು ಕೊಡವಿಕೊಂಡು ಎದ್ದು, “ಇನ್ನೊಂದು ಹಾಕು, ನೋಡಾನ,” ಎಂದ.

ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಬಂದುಬಿಟ್ಟೆ. ಸ್ಟಾಪಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಸ್ಸು ಇನ್ನೂ ಬಂದಿಲ್ಲ.

ನಿನ್ನ ತಮ್ಮ,
ಸದಾಶಿವ